ನೂರರಲ್ಲಿ ಇಪ್ಪತ್ತು

ಕುಶಾಲನಗರದ ಬಸ್‌ಸ್ಟ್ಯಾಂಡಿನ ಹಿಂದೆ
ನಮ್ಮ ಪುಡಿ ಅಂಗಡಿ. ಹೆಸರಿನ ಹಲಗೆಯಲ್ಲಿ
ಕೆಂಪು ಹಣ್ಣಿನ ಗೊಂಚಲು, ಎರಡು ಎಲೆ,
ಲೋಟದಿಂದೇಳುವ ಹಬೆ.
ಚಿಕೋರಿಯ ಚಿತ್ರ ಇಲ್ಲ.
ಅದು ಹೇಗಿರುತ್ತದಕ್ಕ, ಕೇಳಿದ್ದ ಪೇಂಟರ್.
ನನಗೂ ಗೊತ್ತಿರಲಿಲ್ಲ.

ಹದಿನೇಳು ವರ್ಷದಿಂದ
ಗುಜರಾತಿನ ಮೂಟೆಯ ಬಾಯಿ ಬಿಚ್ಚುತ್ತಿದ್ದೇನೆ.
ಸುಟ್ಟ ಬೆಲ್ಲದ ವಾಸನೆ, ಇದ್ದಿಲಿನಂಥ ತುಂಡು.
ಆಟಿಯ ತಿಂಗಳಲ್ಲಿ ಡಬ್ಬಿಯ ಮುಚ್ಚಳ ಸಡಿಲಾದರೆ
ಪುಡಿ ಗಡ್ಡೆಗಟ್ಟಿ ಕುಳಿತುಬಿಡುತ್ತದೆ,
ಚಮಚದ ಹಿಡಿ ಬಾಗಿದರೂ ಜಗ್ಗುವುದಿಲ್ಲ.
ಅಷ್ಟೇ ಪರಿಚಯ.

ಕಾಫಿ ಹೂವಿನ ಮಾತು ಬೇರೆ.
ಹೂಮಳೆ ಬಿದ್ದ ಎಂಟನೇ ದಿನ
ತೋಟದ ಬೇಲಿಗೆ ಕಾರು ಒರಗಿಸಿ
ಹೊಸ ಮದುಮಕ್ಕಳು ಫೋಟೋ ತೆಗೆದುಕೊಳ್ಳುತ್ತಾರೆ.
ಆಮೇಲೆ ಇಲ್ಲಿಗೆ ಬಂದು
ಪ್ಯೂರ್ ತಾನೆ? ಏನೂ ಬೆರೆಸಿಲ್ಲ ತಾನೆ?
ಬೆರೆಸಿದ್ದೂ ಉಂಟು, ಬೆರೆಸದ್ದೂ ಉಂಟು.
ಎರಡನ್ನೂ ಪುಟ್ಟ ಲೋಟದಲ್ಲಿ ಕುಡಿಸುತ್ತೇನೆ.
ಕಣ್ಣರಳಿಸುವುದು ಬಹಳ ಸಲ ಬೆರೆಸಿದ್ದಕ್ಕೇ.
ನಾನು ಬಾಯಿಬಿಡುವುದಿಲ್ಲ.
ಪೊಟ್ಟಣದ ಮೇಲಿದೆ, ಓದಿಕೊಳ್ಳಲಿ.

ಶಾವಂತ್ರೆವ್ವ ಇಳಕಲ್ಲಿನ ಕಡೆಯವಳು.
ಗಂಡ ಕೂಡಿಗೆಯಲ್ಲಿ ಮೂಟೆ ಹೊರುತ್ತಾನೆ,
ಇವಳು ನಮ್ಮಲ್ಲಿ ಕಪ್ಪು ಬೀಜ ಆರಿಸುತ್ತಾಳೆ.
ಬಂದ ಮೊದಲ ವಾರ, ಮಧ್ಯಾಹ್ನ,
ರೊಟ್ಟಿಯ ಗಂಟು ಬಿಚ್ಚಿದವಳು ತಟ್ಟನೆ ಎದ್ದು
ಚರಂಡಿಯಾಚೆಯ ಕಲ್ಲುಸಂದಿಯಿಂದ ಏನೋ ಕಿತ್ತು
ನಲ್ಲಿಯ ಕೆಳಗೆ ಮೂರು ಸಲ ತೊಳೆದು ತಂದಳು.
ಗರಗಸದ ಅಂಚಿನ ಎಲೆ. ತುದಿಗೆ ಹಳದಿ ಹೂ.
"ಖರೆ ಹಕ್ಕರಿಕಿ ಅಲ್ರಿ ಇದು, ಅದರ ಬೀಗರ ಪೈಕಿ.
ಹಾಲ ನೋಡ್ರಿ."
ಮುರಿದಲ್ಲಿ ಬಿಳಿ ಹನಿ.
ಶೇಂಗಾ ಚಟ್ನಿ, ಜೋಳದ ರೊಟ್ಟಿ, ನಡುವೆ ಹಸಿ ಎಲೆ.
ನನಗೂ ಒಂದು ತುತ್ತು.
ಕಹಿ. ಕಹಿಯ ಬೆನ್ನಿಗೆ ಇನ್ನೊಂದು ಕಹಿ,
ಎಲ್ಲೋ ಕಂಡ ಹಾಗೆ, ಹೆಸರು ಬಾರದ ಹಾಗೆ,
ಬಸ್ಸಿನ ಕಿಟಕಿಯಿಂದ ನಕ್ಕು ಹೋದವರ ಹಾಗೆ.

ಶನಿವಾರ ಕಾಲು ಕೆಜಿಗೆ ಬರುವ ಪೂವಿ ಟೀಚರ್,
ರಿಟೈರಾದರೂ ಬ್ಯಾಗಿನಲ್ಲಿ ಭೂತಗನ್ನಡಿ,
ಆ ಹೂವನ್ನು ತಕ್ಕಡಿಯ ತಟ್ಟೆಯಲ್ಲಿ ಮಲಗಿಸಿ ಬಗ್ಗಿದರು.
"ಇದು ಒಂದು ಹೂವಲ್ಲ, ನೂರಕ್ಕೂ ಮೇಲೆ.
ಎಸಳು ಅನ್ನುತ್ತೀಯಲ್ಲ, ಒಂದೊಂದೂ ಇಡೀ ಹೂ.
ಸೂರ್ಯಕಾಂತಿಗೆ ನಡುವೆ ತಟ್ಟೆ,
ಇವಕ್ಕೆ ಅಂಚಿನಿಂದ ನಡುವಿನವರೆಗೂ ಬರೀ ನಾಲಿಗೆ.
ತುದಿಯ ಹಲ್ಲು ಎಣಿಸು."
ಐದು.
"ನಾಲಿಗೆ, ಹಾಲು. ಎರಡೂ ಕೂಡಿದ್ದರೆ
ನಿನ್ನ ಚಿಕೋರಿಯ ಮನೆತನವೇ."
ಶಾವಂತ್ರೆವ್ವ ಗಾಜಿಗೆ ಕಣ್ಣು ಹಚ್ಚಿ,
"ನಾಲಿಗಿಗೆ ಹಲ್ಲೇನ್ರಿ? ನಮ್ಮತ್ತಿದು ಇದ್ದಾಂಗೈತಿ."

ಚಿಕೋರಿಯದು ಮಾತ್ರ ನೀಲಿಯಂತೆ.
ಬೆಳಿಗ್ಗೆ ಬಿಚ್ಚಿ, ಬಿಸಿಲೇರಿದರೆ ಮುಚ್ಚುವ
ಆಕಾಶದ ನೀಲಿ.

ರಾತ್ರಿ ಜಾಮ್‌ನಗರಕ್ಕೆ ಫೋನು.
ಮೊದಲು ಬಾಕಿಯ ಮಾತು, ಆಮೇಲೆ ಹರುಕು ಹಿಂದಿಯಲ್ಲಿ,
ಹೀರ್ಜಿಭಾಯಿ, ಅದರ ಹೂ ನೋಡಿದ್ದೀರಾ?
ಅತ್ತ ಸ್ವಲ್ಪ ಹೊತ್ತು ಟ್ರ್ಯಾಕ್ಟರಿನ ಸದ್ದು.
ಹೂವಿಗೆ ಯಾರು ಬಿಡುತ್ತಾರೆ ಬೆಹೆನ್,
ಕಾಂಡ ಏಳುವ ಮುಂಚೆಯೇ ಅಗೆದುಬಿಡಬೇಕು.
ಹೂವಿಗೆ ಹೋಯಿತೋ, ಬೇರು ಕಟ್ಟಿಗೆ.

ಮರುದಿನ ಗಿರಣಿಯ ಬಾಯಿಗೆ ಸುರಿಯುವಾಗ
ಕೈ ಒಂದು ಕ್ಷಣ ನಿಂತಿತು.
ನಿಂತು ಏನು ಮಾಡುವುದು,
ಹೊರಗೆ ಹೋಟೆಲಿನವರ ಆಟೋ ಕಾಯುತ್ತಿತ್ತು.
ಎಂಬತ್ತು, ಇಪ್ಪತ್ತು.
ಬಿಚ್ಚದ ಎಷ್ಟೋ ಬೆಳಗು
ಕಂದು ಬಣ್ಣದಲ್ಲಿ ಜಾಲರಿ ದಾಟಿ ಬಿತ್ತು.

ಆಮೇಲೊಂದು ದಿನ ಮೈಸೂರಿನ ಹೆಂಗಸೊಬ್ಬರು
ಪೊಟ್ಟಣ ತಿರುಗಿಸಿ, ಏನ್ರೀ ಇದು ಇಪ್ಪತ್ತು? ಎಂದರು.
ಹೂ ಬಿಡಲು ಪುರಸೊತ್ತು ಸಿಗದ ಗಿಡ, ಅಂದೆ.
ಅವರು ಬೆರೆಸದ್ದನ್ನು ಕೊಂಡು ಹೋದರು.

ಚರಂಡಿಯಾಚೆ ಹಳದಿ ಹಣ್ಣಾಗಿ ನರೆತಿದೆ.
ಫ್ಯಾನಿನ ಗಾಳಿಗೆ ಒಂದೆರಡು ಬಿಳಿ ಕುಚ್ಚು ಒಳಬಂದು
ಪುಡಿಯ ಮೇಲೆ ಕೂರುತ್ತವೆ.
ಶಾವಂತ್ರೆವ್ವ ಊದಿ ಹೊರಗಟ್ಟುತ್ತಾಳೆ,
ಕಲ್ಲುಸಂದಿಯ ದಿಕ್ಕಿಗೇ.